ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್‌ಗೂ ಒಂದು ಎಂಸಿಬಿ ಇದೆಯಾ? ಇವತ್ತೇ ನೋಡಿ

ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಲ್ವಾ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ತಣ್ಣಗಿನ ಫರ್ಸಿ ಮೇಲೆ ಅಡ್ಡಾಗಿದ್ದೆ. ಮೇಲಿನ ಮನೆಯ ಬಾಡಿಗೆ ಹುಡುಗ ಬಂದ. "ಕಾಕಾ, ಫ್ಯಾನಿನ ಕೆಪಾಸಿಟರ್ ಬದಲಿ ಮಾಡಬೇಕ್ರಿ, ಮ್ಯಾಲಿಂದು ಕರೆಂಟ್ ಜರಾ ತೆಗೀರಿ" ಅಂದ.

ನಮ್ಮದು ತ್ರೀ ಫೇಸ್ ಕನೆಕ್ಷನ್, ಅಂದರೆ ಕರೆಂಟ್ ತರುವ ವೈರು (ಫೇಸ್) ಮೂರು. ಕೆಳಗಿನ ಮನೆಗೆ ಒಂದು ಫೇಸ್, ಮೇಲಿನ ಮನೆಗೆ ಒಂದು, ಮುಂದಿನ ಅಂಗಡಿಗೆ ಒಂದು. ಆದರೆ ಮೆಟ್ಟಿಲ ಕೆಳಗಿನ ಬೋರ್ಡಿನಲ್ಲಿ ನಾಲ್ಕು ಬಿಡಿ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್). ಯಾವುದರ ಮೇಲೂ ಹೆಸರಿಲ್ಲ. ಕೊನೆಯದು ಮೇಲಿನ ಮನೆಯದಿರಬೇಕು ಅಂದುಕೊಂಡು ಅದನ್ನೇ ಇಳಿಸಿದೆ.

ದೇವರ ಜಗಲಿಯ ಝೀರೋ ಬಲ್ಬ್ ಕಣ್ಣು ಕುಕ್ಕುವ ಹಾಗೆ ಉರಿಯಿತು. ಝೀರೋ ಬಲ್ಬ್! ಮರುಕ್ಷಣ ಆರಿತು. ಟಿವಿ ಹಿಂದೆ ಪಟ್ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ಒಳಗಿನಿಂದ ನಮ್ಮವಳು "ಏನ್ ಮಾಡಿದ್ರೀ?" ಅಂತ ಕೂಗಿದಳು. ಮೇಲೆ ಹುಡುಗನ ತಾಯಿ ಇಸ್ತ್ರಿ ಮಾಡುತ್ತಿದ್ದರು, ಕೂಲರ್ ಬೇರೆ ನಡೆದಿತ್ತು. ಅಲ್ಲಿನ ಬಲ್ಬ್ ಮಾತ್ರ ಕಂದೀಲಿನ ಹಾಗೆ ಮಂಕಾಗಿತ್ತಂತೆ. ನನಗೆ ಕೈಕಾಲು ಆಡದೆ ಮೇನ್ ಸ್ವಿಚ್ ಇಳಿಸಿದೆ. ಅಷ್ಟರಲ್ಲಿ ಟಿವಿ, ಫ್ರಿಜ್, ಸೆಟ್ ಟಾಪ್ ಬಾಕ್ಸ್ ಮೂರೂ ಹೋಗಿದ್ದವು.

ಆ ನಾಲ್ಕನೆಯದು ನ್ಯೂಟ್ರಲ್‌ದು, ಅಂದರೆ ಮೂರೂ ಫೇಸಿನ ಕರೆಂಟ್ ವಾಪಸ್ ಹೋಗುವ ವೈರಿನದು. ಎರಡು ವರ್ಷದ ಹಿಂದೆ ವೈರಿಂಗ್ ಮಾಡಿದ ಮೇಸ್ತ್ರಿಗೆ ಫೋನ್ ಹಚ್ಚಿದರೆ, "ನ್ಯೂಟ್ರಲ್‌ಗೂ ಒಂದ್ ಹಾಕಿದ್ರ ಸೇಫ್ಟಿ ಜಾಸ್ತಿ ಅಲ್ರೀ ಅಣ್ಣಾ" ಅಂದ. ಕೇಳೋಕೆ ಸರಿ ಅನಿಸುತ್ತದೆ, ಅದೇ ತೊಂದರೆ.

ಲೈಸೆನ್ಸ್ ಇರುವ ಇನ್ನೊಬ್ಬ ವೈರ್‌ಮನ್ ಬಂದು ಬಿಡಿಸಿ ಹೇಳಿದರು. ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ 400. ನ್ಯೂಟ್ರಲ್ ಒಂದನ್ನೇ ತೆಗೆದರೆ ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲ. ಆಗ ಅದು ನಮ್ಮ ಮನೆಯ ಸಾಮಾನಿನೊಳಗಿಂದ ಮೇಲಿನ ಮನೆಯ ಸಾಮಾನಿಗೆ ಹರಿಯುತ್ತದೆ. ಅಂಗಡಿ ಅವತ್ತು ಬಂದ್ ಇತ್ತು, ಹಾಗಾಗಿ ಆ 400 ವೋಲ್ಟನ್ನು ನಾವಿಬ್ಬರೇ ಹಂಚಿಕೊಂಡೆವು. ಅದರಲ್ಲೂ ಲೋಡ್ ಕಡಿಮೆ ಇರುವ ಮನೆಗೇ ವೋಲ್ಟೇಜ್ ಜಾಸ್ತಿ. ಮಿತವಾಗಿ ಕರೆಂಟ್ ಉರಿಸಿದವನ ಟಿವಿಯೇ ಸುಡುವುದು, ನೋಡಿ!

ಇದಕ್ಕೆ ಕಾನೂನೂ ಹೊಸದಲ್ಲ. 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು: ನ್ಯೂಟ್ರಲ್‌ನಲ್ಲಿ ಫ್ಯೂಸಾಗಲಿ ಬಿಡಿ ಸ್ವಿಚ್ಚಾಗಲಿ ಇರಬಾರದು. ಇದ್ದರೆ ಫೇಸ್‌ಗಳ ಜೊತೆಗೇ ಒಟ್ಟಿಗೆ ತೆರೆದು ಮುಚ್ಚುವಂಥದ್ದಿರಬೇಕು. ಅಂದರೆ ನಾಲ್ಕೂ ವೈರನ್ನು ಒಟ್ಟಿಗೆ ತೆಗೆಯುವ ಒಂದೇ ಹಿಡಿಕೆಯ ಫೋರ್ ಪೋಲ್ ಸ್ವಿಚ್. ಇಲ್ಲವಾದರೆ ನ್ಯೂಟ್ರಲ್‌ನ ಕಪ್ಪು ವೈರು ನೇರವಾಗಿ ನ್ಯೂಟ್ರಲ್ ಲಿಂಕ್ ಅನ್ನುವ ಹಿತ್ತಾಳೆ ಪಟ್ಟಿಗೆ ಹೋಗಬೇಕು. ಕೆಲವು ಹಳೆ ಮನೆಗಳಲ್ಲಿ ನ್ಯೂಟ್ರಲ್‌ಗೂ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇರುತ್ತದೆ. ತ್ರೀ ಫೇಸ್ ಇರುವಲ್ಲಿ ಅದು ಹಾರಿದರೂ ಇದೇ ಗತಿ.

ವೈರ್‌ಮನ್ ಹೊರಡುವ ಮುಂಚೆ ನಮ್ಮ ಕೂಲರ್ ಪಾಯಿಂಟಿಗೆ ಟೆಸ್ಟರ್ ಇಟ್ಟರು. ಸ್ವಿಚ್ ಆಫ್, ಆದರೂ ಟೆಸ್ಟರ್ ಹತ್ತಿತು. ಅಲ್ಲೂ ಆ ಮೇಸ್ತ್ರಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿದ್ದ. ಕೂಲರ್ ನಿಲ್ಲುತ್ತದೆ, ಆದರೆ ಒಳಗಿನ ಮೋಟರ್, ಪಂಪ್ ಎಲ್ಲದರಲ್ಲೂ ಫೇಸ್ ನಿಂತೇ ಇರುತ್ತದೆ. ನಮ್ಮವಳು ದಿನಾ "ಆಫ್ ಮಾಡೀನಿ" ಅಂತ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು, ಆ ತಗಡಿನ ಕೂಲರಿಗೆ ಕೊಡದಿಂದ ನೀರು ಸುರಿಯುತ್ತಿದ್ದಳು. ಟಿವಿ ಹೋದದ್ದು ಆಗ ನನಗೆ ಏನೂ ಅನಿಸಲಿಲ್ಲ.

ಈಗ ಎಲ್ಲ ಬದಲಾಯಿಸಿದ್ದೇನೆ. ಅದೇ ಮೇಸ್ತ್ರಿ ನಮ್ಮ ಓಣಿಯಲ್ಲಿ ಇನ್ನೂ ಎರಡು ಮನೆಗೆ ವೈರಿಂಗ್ ಮಾಡಿದ್ದಾನೆ. ನಿನ್ನೆ ಹೋಗಿ ಎರಡೂ ಬೋರ್ಡ್ ನೋಡಿ ಬಂದೆ. ಒಂದರಲ್ಲಿ ನಾಲ್ಕು ಬಿಡಿ ಎಂಸಿಬಿ ಇವೆ. ಮನೆಯವರು ಊರಿಗೆ ಹೋಗಿದ್ದಾರೆ, ಫೋನ್ ಹಚ್ಚಿ ಹೇಳಿದ್ದೇನೆ.