ಶೀಟಿನ ರೂಮಲ್ಲಿ ರೆಕಾರ್ಡಿಂಗ್: ಯುಎಸ್‌ಬಿ ಕಂಡೆನ್ಸರ್ ಮೈಕಾ, ಹಳೇ ಸ್ಟೇಜ್ ಮೈಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಟೇಜ್ ಮೈಕಿಗೆ. ಆರ್ಕೆಸ್ಟ್ರಾದವರು ಕೈಯಲ್ಲಿ ಹಿಡಿದು ಹಾಡುತ್ತಾರಲ್ಲ, ಶ್ಯೂರ್ ಎಸ್‌ಎಂ 58, ಅದೇ. ಆದರೆ ನಾನು ಮೊದಲು ಕೊಂಡಿದ್ದು ಅದಲ್ಲ.

ನಮ್ಮ ಮನೆ ಚಿಕ್ಕಮಗಳೂರಿನ ಹಿರೇಮಗಳೂರಿನಲ್ಲಿ. ಅವ್ವನಿಗೆ ಸೋಬಾನೆ ಪದ ಬೇಕಾದಷ್ಟು ಬರುತ್ತವೆ. ಅರಿಶಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಆರತಿ ಎತ್ತುವಾಗ ಇನ್ನೊಂದು. ಯಾವುದನ್ನೂ ಎಲ್ಲೂ ಬರೆದಿಟ್ಟಿಲ್ಲ. ಅವ್ವ ಸೊಲ್ಲು ಎತ್ತಿದರೆ ಚಿಕ್ಕಮ್ಮ ದನಿಗೂಡಿಸುತ್ತಾರೆ. ಇವನ್ನು ಸರಿಯಾಗಿ ರೆಕಾರ್ಡ್ ಮಾಡಿಡಬೇಕು ಅಂತ ಹದಿನೈದು ಸಾವಿರ ಎತ್ತಿಟ್ಟೆ. ಕೆಳಗೆ ಟಿವಿ, ಅಡುಗೆಮನೆ, ಮಕ್ಕಳು. ಹಾಗಾಗಿ ಮಹಡಿಯ ರೂಮು. ಅದಕ್ಕೆ ಶೀಟಿನ ಮಾಡು. ನಾನು ದಿನಸಿ ಅಂಗಡಿ ಬಾಗಿಲು ಹಾಕಿ ಬರುವುದು ರಾತ್ರಿ ಒಂಬತ್ತಕ್ಕೆ. ನಮ್ಮ ಕೆಲಸ ಏನಿದ್ದರೂ ಆಮೇಲೆಯೇ.

ಆನ್‌ಲೈನ್‌ನಲ್ಲಿ 3,800 ರೂಪಾಯಿಗೆ ಒಂದು ಯುಎಸ್‌ಬಿ ಕಂಡೆನ್ಸರ್ ಮೈಕ್, ಅಂದರೆ ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕು, ತರಿಸಿದೆ. ಜೊತೆಗೆ ಮೇಜಿಗೆ ಕಚ್ಚಿಸುವ ಸ್ಟ್ಯಾಂಡು, ಬಾಯಿಯ ಮುಂದೆ ಇಡುವ ಜಾಲರಿ, ಎಲ್ಲಾ ಬಂತು. ಲ್ಯಾಪ್‌ಟಾಪಿಗೆ ಚುಚ್ಚಿದರೆ ಆಯಿತು. ಮೇ ತಿಂಗಳಲ್ಲಿ ಎರಡು ಪದ ತೆಗೆದೆವು. ಅವ್ವನ ದನಿಯ ಒಂದೊಂದು ಎಳೆಯೂ ಬಂದಿತ್ತು. ಖುಷಿಯಾಯಿತು.

ಜೂನ್ ಬಂತು. ಮಳೆ ಹಿಡಿಯಿತು.

ಜೋರು ಮಳೆಯಲ್ಲಿ ಯಾವ ಮೈಕಿನಿಂದಲೂ ಆಗುವುದಿಲ್ಲ, ಅದು ಬೇರೆ ಮಾತು. ನನಗೆ ಕಾಟ ಕೊಟ್ಟಿದ್ದು ಸೋನೆ ಮಳೆ. ಕಿವಿಗೆ ಅಷ್ಟೇನೂ ಕೇಳುತ್ತಿರಲಿಲ್ಲ. ಹಾಡಿ ಮುಗಿಸಿ ಹೆಡ್‌ಫೋನ್ ಹಾಕಿ ಕೇಳಿದರೆ, ಪದದ ಹಿಂದೆ ಉದ್ದಕ್ಕೂ ಯಾರೋ ಅಕ್ಕಿ ಕೇರುತ್ತಿರುವ ಹಾಗೆ ಸದ್ದು. ಮಳೆ ನಿಲ್ಲಲಿ ಅಂತ ಕಾದೆವು. ನಿಂತ ಮೇಲೆ ಸೂರಿನ ನೀರು ಕೆಳಗಿದ್ದ ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ ಟಪ್, ಟಪ್. ಹಾಡಿನ ಲಯಕ್ಕೂ ಅದಕ್ಕೂ ತಾಳೆಯಿಲ್ಲ. ಅವ್ವ ಕೇಳಿ, "ಮಗಾ, ನನ್ ಪದಕ್ಕಿಂತ ಸೂರಿನ ನೀರೇ ಚೆನ್ನಾಗಿ ಕೇಳ್ತೈತಲ್ಲೋ" ಅಂದಳು. ಡ್ರಮ್ಮಿನ ಮೇಲೆ ಗೋಣಿಚೀಲ ಹೊದಿಸಿದೆ. ಆಮೇಲೆ ಕಪ್ಪೆ. ಕಪ್ಪೆ ಸುಮ್ಮನಾದರೆ ಗೋಡೆಯ ಮೇಲಿನ ಹಲ್ಲಿ.

ಗೋಡೆಗೆ ಫೋಮ್ ಅಂಟಿಸಿ ಅಂತ ಕೆಲವರು ಹೇಳಿದರು. ದಯವಿಟ್ಟು ಅದಕ್ಕೆ ದುಡ್ಡು ಹಾಕುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಫೋಮ್ ಆಗಲಿ, ಮೊಟ್ಟೆ ಟ್ರೇ ಆಗಲಿ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಒಳಗಿನ ದನಿ ಗೋಡೆಗೆ ಬಡಿದು ವಾಪಸ್ ಬರುವುದನ್ನು ಒಂದಿಷ್ಟು ಕಮ್ಮಿ ಮಾಡುತ್ತವೆ, ಅಷ್ಟೇ. ಅದಕ್ಕೆ ಅವ್ವನ ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಟ್ಟರೂ ಸಾಕು. ಶೀಟಿನ ಮೇಲೆ ಗೋಣಿಚೀಲ ಹಾಸಿದ್ದರಿಂದ ಮಾತ್ರ ನಿಜಕ್ಕೂ ಲಾಭವಾಯಿತು. ಹನಿ ಬಿದ್ದಾಗಿನ ತಟಪಟ ಹೋಗಿ ಮಂದ ಸದ್ದಾಯಿತು. ಆದರೂ ಕಂಡೆನ್ಸರ್ ಮೈಕಿಗೆ ಅದೂ ಕೇಳುತ್ತಿತ್ತು.

ಆಗ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಪರಿಚಯದವರೊಬ್ಬರು ತಮ್ಮ ಹಳೇ ಎಸ್‌ಎಂ 58 ಅನ್ನು 4,500ಕ್ಕೆ ಕೊಟ್ಟರು. ಇದು 1966ರಿಂದ ಬರುತ್ತಿರುವ ಮೈಕು. ಇದರ ನಕಲಿಯೂ ಜಾಸ್ತಿ. ಅಸಲಿಯ ತೂಕ 298 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿಟ್ಟೆ, 300ರ ಹತ್ತಿರ ಬಂತು. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಅಂತ ಗ್ಯಾರಂಟಿ ಇಲ್ಲ. ಹಗುರವಾಗಿದ್ದರೆ ಮಾತ್ರ ಮುಟ್ಟಬೇಡಿ. ಇದು ನೇರವಾಗಿ ಲ್ಯಾಪ್‌ಟಾಪಿಗೆ ಹೋಗುವುದಿಲ್ಲ, ಮಧ್ಯೆ ಆಡಿಯೋ ಇಂಟರ್‌ಫೇಸ್ ಬೇಕು, ಅಂದರೆ ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಒಗ್ಗುವ ಹಾಗೆ ಮಾಡಿ ಕೊಡುವ ಡಬ್ಬಿ. ಒಂದೇ ಮೈಕ್ ಹಿಡಿಯುವ ಸಣ್ಣದು, ಅದೂ ಸೆಕೆಂಡ್ ಹ್ಯಾಂಡ್, 5,000. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ 400, ನೆಲದ ಸ್ಟ್ಯಾಂಡ್ 700. ಹೆಡ್‌ಫೋನ್ ಮನೆಯಲ್ಲಿದ್ದದ್ದೇ.

ಅದೇ ರೂಮು, ಅದೇ ಸೋನೆ. ಮೈಕಿಗೂ ಅವ್ವನ ಬಾಯಿಗೂ ನಾಲ್ಕು ಬೆರಳು ಅಂತರ ಇಟ್ಟೆ. ಪದ ಮುಂದೆ ಬಂತು, ಮಳೆ ಎಲ್ಲೋ ಹಿಂದೆ ಸರಿಯಿತು.

ಇದರಲ್ಲಿ ಮೈಕಿನ ಗುಣಕ್ಕಿಂತ ದೂರದ ಲೆಕ್ಕವೇ ದೊಡ್ಡದು. ಬಾಯಿಗೂ ಮೈಕಿಗೂ ದೂರ ಅರ್ಧ ಆದರೆ ದನಿ ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಏರುತ್ತದೆ. ಮಳೆ ಸದ್ದು ಇದ್ದಷ್ಟೇ ಇರುತ್ತದೆ. ಒಂದೂವರೆ ಅಡಿಯಿಂದ ಮೂರು ಇಂಚಿಗೆ ಬಂದರೆ ಹೆಚ್ಚುಕಮ್ಮಿ 15 ಡೆಸಿಬಲ್ ಲಾಭ. ಹಾಗಾದರೆ ಕಂಡೆನ್ಸರನ್ನೂ ಹತ್ತಿರ ಇಟ್ಟರೆ ಆಯಿತಲ್ವಾ? ಇಟ್ಟು ನೋಡಿದೆ. ನಮ್ಮದರಲ್ಲಿ ಜಾಲರಿ ಇದ್ದರೂ 'ಬ', 'ಪ' ಬಂದಲ್ಲೆಲ್ಲಾ ಗಾಳಿ ಹೊಡೆದ ಹಾಗೆ ಸದ್ದು. ಅವ್ವ ದನಿ ಎತ್ತಿದಾಗ ಒಡೆದೂ ಹೋಯಿತು. ಸ್ಟೇಜ್ ಮೈಕನ್ನು ಮಾಡಿರುವುದೇ ಬಾಯಿ ಹತ್ತಿರ ಹಿಡಿಯಲಿಕ್ಕೆ.

ಇನ್ನೊಂದು ವಿಷಯ ಚಿಕ್ಕಮ್ಮನದು. ಅವ್ವನದು ಮೊದಲು ತೆಗೆದು, ಅದನ್ನು ಹೆಡ್‌ಫೋನ್‌ನಲ್ಲಿ ಕೇಳಿಸಿ, ಚಿಕ್ಕಮ್ಮನ ಸೊಲ್ಲನ್ನು ಬೇರೆ ಟ್ರ್ಯಾಕಿಗೆ ತೆಗೆಯುತ್ತೇನೆ. ನನ್ನ ಯುಎಸ್‌ಬಿ ಮೈಕಿನಲ್ಲಿ ಹೆಡ್‌ಫೋನ್ ತೂತು ಇರಲಿಲ್ಲ. ದನಿ ಲ್ಯಾಪ್‌ಟಾಪಿನ ಒಳಗೆ ಹೋಗಿ ಸುತ್ತಿ ಬರುವಷ್ಟರಲ್ಲಿ ತಡ. ಚಿಕ್ಕಮ್ಮನಿಗೆ ಅವರ ದನಿ ಅವರಿಗೇ ಒಂದು ಗಳಿಗೆ ಹಿಂದೆ ಕೇಳುತ್ತಿತ್ತು. ಅದಕ್ಕೆ ಕಾಯುತ್ತಾ ಕಾಯುತ್ತಾ ಎಳೆಯುತ್ತಿದ್ದರು. ನಾಲ್ಕನೇ ನುಡಿಗೆ ಅವ್ವ ಮುಂದೆ, ಇವರು ಹಿಂದೆ. ತಡ ಕಮ್ಮಿಯಾಗಲಿ ಅಂತ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ಪ್ರಮಾಣ) 128ಕ್ಕೆ ಇಳಿಸಿದರೆ ನಮ್ಮ ಹಳೇ ಲ್ಯಾಪ್‌ಟಾಪ್ ಪಟಪಟ ಅನ್ನುತ್ತಿತ್ತು. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಅಂತ ಒಂದು ಸ್ವಿಚ್ ಇದೆ. ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಸುತ್ತಿಸದೆ ನೇರ ಕಿವಿಗೆ ಕೊಡುತ್ತದೆ. ಅದನ್ನು ಒತ್ತಿದ ದಿನ ಚಿಕ್ಕಮ್ಮ ಒಂದೇ ಸಲಕ್ಕೆ ಪೂರ್ತಿ ಪದ ಹಾಡಿದರು. ಯುಎಸ್‌ಬಿ ಮೈಕೇ ಬೇಕು ಅನ್ನುವವರು ಹೆಡ್‌ಫೋನ್ ತೂತು ಇರುವುದನ್ನೇ ನೋಡಿ ತೆಗೆದುಕೊಳ್ಳಿ.

ಸ್ಟೇಜ್ ಮೈಕಿನ ಕೊರತೆಯನ್ನೂ ಹೇಳಬೇಕು. ಇದಕ್ಕೆ ಗೇನ್ ಜಾಸ್ತಿ ಬೇಕು, ಅಂದರೆ ಮೈಕಿನ ದನಿಯನ್ನು ಇಂಟರ್‌ಫೇಸಿನಲ್ಲಿ ಜಾಸ್ತಿ ಹಿಗ್ಗಿಸಬೇಕು. ಮೆಲುದನಿಯವರಾದರೆ ತಿರುಗಣೆ ಮುಕ್ಕಾಲು ಭಾಗ ತಿರುಗಿಸಬೇಕು, ಆಗ ಸಣ್ಣಗೆ ಹುಸ್ ಅನ್ನುವ ಸದ್ದು ಸೇರುತ್ತದೆ. ಹಾಡುವವರು ತಲೆ ಆಡಿಸಿದರೆ ದನಿ ಏರಿಳಿಯುತ್ತದೆ. ಅವ್ವನಿಗೆ ಇದು ಅಭ್ಯಾಸವಾಗಲು ಒಂದು ವಾರ ಹಿಡಿಯಿತು.

ಗುಂಯ್ ಅನ್ನುವ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ನಮ್ಮಲ್ಲಿ ಹಾಗೇ ಹೋಯಿತು.

ಸಾಫ್ಟ್‌ವೇರ್ ಅಡಾಸಿಟಿ, ಪುಕ್ಕಟೆ. ದನಿಯ ಏರು ಅದರ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ಲಿನ ಆಸುಪಾಸು ಇರುವಂತೆ ಇಡುತ್ತೇನೆ.

ಫೋನಿನಲ್ಲೇ ಮಾಡಬಹುದಲ್ವಾ ಅಂತ ಕೇಳುವವರಿಗೆ: ಮಾಡಿದ್ದೆ. ನನ್ನ ಫೋನು ಲೆವೆಲ್ಲನ್ನು ತಾನೇ ಏರಿಸಿ ಇಳಿಸುತ್ತದೆ. ಅವ್ವ ಉಸಿರು ತೆಗೆದುಕೊಳ್ಳುವಾಗೆಲ್ಲಾ ಮಳೆ ಜೋರಾಗುತ್ತದೆ.

ಎಲ್ಲಾ ಸೇರಿ 14,400 ಆಯಿತು. ಮೊದಲೇ ಗೊತ್ತಿದ್ದರೆ 10,600ರಲ್ಲಿ ಮುಗಿಯುತ್ತಿತ್ತು. ನಿಮ್ಮದು ಆರ್‌ಸಿಸಿ ಮನೆ, ಕಿಟಕಿ ಮುಚ್ಚಿದರೆ ಸದ್ದಿಲ್ಲ, ಒಬ್ಬರೇ ಹಾಡುತ್ತೀರಿ ಅನ್ನುವುದಾದರೆ ಯುಎಸ್‌ಬಿ ಕಂಡೆನ್ಸರ್ ಸಾಕು, ದುಡ್ಡೂ ಉಳಿಯುತ್ತದೆ. ಶೀಟಿನ ಮನೆ, ಹಂಚಿನ ಮನೆ, ಮಲೆನಾಡಿನ ಮಳೆ ಅಂದರೆ ನಾನಂತೂ ಸ್ಟೇಜ್ ಮೈಕನ್ನೇ ಹೇಳುತ್ತೇನೆ.

ಕಂಡೆನ್ಸರನ್ನು ಮಾರಿಲ್ಲ, ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಜನವರಿಯ ರಾತ್ರಿಗಳಲ್ಲಿ ಇಲ್ಲಿ ಮಳೆಯೂ ಇರುವುದಿಲ್ಲ, ಕಪ್ಪೆಯೂ ಇರುವುದಿಲ್ಲ. ಆಗ ಅವ್ವ, ಚಿಕ್ಕಮ್ಮ ಇಬ್ಬರನ್ನೂ ಅದರ ಮುಂದೆ ಅಕ್ಕಪಕ್ಕ ಕೂರಿಸಿ ಆರತಿ ಪದ ತೆಗೆಯಬೇಕು. ಅದೊಂದನ್ನು ಮಾತ್ರ ಬೇರೆ ಬೇರೆ ಹಾಡಲು ಇಬ್ಬರೂ ಒಪ್ಪುತ್ತಿಲ್ಲ.