ರೈಫಲ್ ನಳಿಕೆಯ ಬಾಯಿಗೆ ಸಿಲಿಕೋನ್ ಟೋಪಿ: ಒಂದು ಮಳೆಗಾಲ, ಒಂದು ಬೇಸಿಗೆ ಬಳಸಿದ ಮೇಲೆ

2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾದಾಗ ಉಳಿದ ಲೈಸೆನ್ಸುದಾರರಂತೆ ನಾನೂ ನಮ್ಮ ಮನೆಯ ರೈಫಲನ್ನು ಠೇವಣಿ ಇಟ್ಟು, ರಸೀದಿ ಪಡೆದು ಊರಿಗೆ ಮರಳಿದ್ದೆ. ಜೂನ್ ತಿಂಗಳಲ್ಲಿ ಎಲ್ಲ ಮುಗಿದು ಅದನ್ನು ಮನೆಗೆ ತಂದ ದಿನ, ನಳಿಕೆಯ ಹಿಂಬಾಯಿಯನ್ನು ಮುಚ್ಚುವ ಬೋಲ್ಟನ್ನು ಹೊರಗೆಳೆದು, ನಳಿಕೆಯನ್ನು ಬಾಗಿಲ ಬೆಳಕಿನ ಕಡೆ ಹಿಡಿದು ಹಿಂದಿನಿಂದ ಕಣ್ಣಿಟ್ಟರೆ ಒಳಗೆಲ್ಲ ಕಗ್ಗತ್ತಲು. ಹಿತ್ತಾಳೆಯ ಕಡ್ಡಿಯನ್ನು ಹಿಂಬದಿಯಿಂದ ಮೆಲ್ಲಗೆ ತೂರಿಸಿದಾಗ, ಬೆರಳಿನ ಗೆಣ್ಣಿನಷ್ಟು ಉದ್ದದ ಒಣ ಮಣ್ಣಿನ ಬಿರಡೆಯೊಂದು ಕಳಚಿ ಅಂಗೈಗೆ ಬಿತ್ತು. ಒಡೆದು ನೋಡಿದರೆ ಅದರೊಳಗೆ ಸುರುಟಿಕೊಂಡ ನಾಲ್ಕು ಹಸಿರು ಹುಳುಗಳಿದ್ದವು. ಗೋಡೆಯ ತೂತು, ಬೀಗದ ಕಂಡಿ, ಬಿದಿರಿನ ಗಳು, ಎಲ್ಲೆಂದರಲ್ಲಿ ಮಣ್ಣು ಮೆತ್ತಿ ಮರಿಗಳಿಗೆ ಬುತ್ತಿ ಕಟ್ಟಿಡುವ ಕುಂಬಾರ ಹುಳುವಿಗೆ 8 ಮಿಲಿಮೀಟರಿನ ನಳಿಕೆ ಹೇಳಿ ಮಾಡಿಸಿದ ಮನೆ. ಅದನ್ನು ಗಮನಿಸದೆ ಯಾರಾದರೂ ತೋಟಾ ತುಂಬಿ ಕುದುರೆ ಎಳೆದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಠೇವಣಿ ಇಟ್ಟುಕೊಂಡವರನ್ನು ದೂರುವಂತಿಲ್ಲ. ಬಾಯಿ ತೆರೆದೇ ಒಪ್ಪಿಸಿ ಬಂದವನು ನಾನು. ಆ ವಾರವೇ ನಳಿಕೆಯ ಬಾಯಿಗೆ ತೊಡಿಸುವ ಸಿಲಿಕೋನ್ ಟೋಪಿಗಳ ಒಂದು ಪ್ಯಾಕೆಟ್ ತರಿಸಿದೆ.

ನಮ್ಮದು ತುಮಕೂರು ಜಿಲ್ಲೆಯ ಮಧುಗಿರಿ ಸೀಮೆಯ ಕೆಮ್ಮಣ್ಣಿನ ಹೊಲ. ಕಡಲೆಕಾಯಿ, ರಾಗಿ, ತೊಗರಿ ಬೆಳೆಯುತ್ತೇವೆ. ರೈಫಲ್ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ .315, ಅಂದರೆ ನಳಿಕೆಯ ಒಳ ಅಗಲ 0.315 ಅಂಗುಲ (ಸುಮಾರು 8 ಮಿಲಿಮೀಟರ್) ಇರುವ, ಬೋಲ್ಟ್ ಎಳೆದು ತುಂಬುವ ಹಳೆಯ ಮಾದರಿ. ಅದನ್ನು ಹೆಗಲಿಗೇರಿಸಿ ಬೇಟೆಗೆ ಹೋಗುತ್ತಿದ್ದವರು ನಮ್ಮ ತಾತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಈಗ ಅದು ಕಡಲೆಕಾಯಿ ಕೀಳುವ ಹೊತ್ತಿನಲ್ಲಿ, ಕರಡಿ ಚಿರತೆ ಓಡಾಡುವ ಗುಡ್ಡದ ಅಂಚಿನ ಹೊಲಕ್ಕೆ ರಾತ್ರಿ ಕಾವಲಿಗೆ ಹೋಗುವಾಗ ಜೀವರಕ್ಷಣೆಗೆಂದು ಜತೆಗಿರುತ್ತದೆ. ಹಂದಿ ಓಡಿಸಲು ತಮಟೆಯೂ ಟಾರ್ಚೂ ಸಾಕು. ಹೀಗಾಗಿ ನಮ್ಮ ಹೊಲದಲ್ಲಿ ಆ ರೈಫಲ್ ಸದ್ದು ಮಾಡಿ ವರ್ಷಗಳೇ ಕಳೆದಿವೆ. ದಿನವೂ ಹಾರಿಸುವ ಬಂದೂಕಿನ ನಳಿಕೆಯನ್ನು ಅದರ ಒಡೆಯ ದಿನವೂ ನೋಡುತ್ತಾನೆ. ಹಾರದ ಬಂದೂಕಿನ ನಳಿಕೆಯನ್ನು ಯಾರೂ ನೋಡುವುದಿಲ್ಲ. ಆದ್ದರಿಂದಲೇ ಇಂತಹ ಬಂದೂಕಿಗೆ ಬಾಯಿ ಮುಚ್ಚುವ ಸಾಧನ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ.

ನಳಿಕೆಯಲ್ಲಿ ಮಣ್ಣು, ಕಸ ಅಥವಾ ನೀರು ನಿಂತಿದ್ದಾಗ ಗುಂಡು ಹಾರಿದರೆ, ಹಿಂದಿನಿಂದ ತಳ್ಳುವ ಅನಿಲದ ಒತ್ತಡ ಆ ತಡೆಯ ಬಳಿ ಒಮ್ಮೆಲೇ ಏರಿ, ಅದೃಷ್ಟ ಚೆನ್ನಾಗಿದ್ದರೆ ನಳಿಕೆ ಉಂಗುರದಂತೆ ಉಬ್ಬಿಕೊಳ್ಳುತ್ತದೆ, ಇಲ್ಲದಿದ್ದರೆ ಸೀಳಿಹೋಗುತ್ತದೆ. ಅಗಲ ನಳಿಕೆಯ ಕೋವಿಯನ್ನು ಬಾಗಿಸಿದರೆ ನೀರು ಸಲೀಸಾಗಿ ಸುರಿದುಹೋಗುತ್ತದೆ. ರಂಧ್ರ ಕಿರಿದಾದಷ್ಟೂ ನೀರು ಗೋಡೆಗೆ ಅಂಟಿಕೊಂಡು ಇಳಿಯದೆ ನಿಲ್ಲುತ್ತದೆ. ಇನ್ನೊಂದು ಸಂಗತಿ ನಳಿಕೆಯ ತುದಿಯ ಅಂಚಿನದು. ಕ್ರೌನ್ ಎಂದು ಕರೆಯುವ ಆ ಅಂಚು ಗುಂಡನ್ನು ಕೊನೆಯದಾಗಿ ಮುಟ್ಟುವ ಜಾಗ. ಅಲ್ಲಿ ಒಂದು ಕಡೆ ತುಕ್ಕು ತಿಂದರೂ, ಕಲ್ಲಿಗೆ ತಗುಲಿ ಜಜ್ಜಿಹೋದರೂ, ಗುಂಡಿನ ಹಿಂದಿನ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ, ಗುರಿ ಕೆಡುತ್ತದೆ.

ಇನ್ನು ಸರಕಿನ ವಿಷಯ. ಪ್ಯಾಕೆಟ್ಟಿನಲ್ಲಿ ಕಪ್ಪು ಬಣ್ಣದ 10 ಟೋಪಿಗಳಿದ್ದವು. ಅಂಚೆ ಖರ್ಚು ಬಿಟ್ಟು 350 ರೂಪಾಯಿ ಕೊಟ್ಟೆ. ನೋಡಲು ಕೈಗವಸಿನ ಒಂದು ಬೆರಳನ್ನು ಕತ್ತರಿಸಿದಂತಿದ್ದು, ತೆರೆದ ತುದಿಯಲ್ಲಿ ಬಳೆಯಂತೆ ಸುತ್ತಿದ ದಪ್ಪ ಅಂಚಿದೆ. ಮುಚ್ಚಿದ ತುದಿ ತೆಳುವಾಗಿದ್ದು, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣಿಸುತ್ತದೆ. ತಯಾರಕರ ಹೆಸರು, ಒಳಸುತ್ತಿನ ಅಳತೆ, ಎಷ್ಟು ದಪ್ಪದ ನಳಿಕೆಗೆ ಸರಿಹೋಗುತ್ತದೆ ಎಂಬ ಮಾಹಿತಿ, ಇವು ಯಾವುವೂ ಪ್ಯಾಕೆಟ್ಟಿನ ಮೇಲಿರಲಿಲ್ಲ. ಬಂದೂಕಿನ ಸಾಮಾನು ಮಾರುವವರು ಇಷ್ಟಾದರೂ ಅಚ್ಚು ಹಾಕಬೇಕಿತ್ತು.

ತೊಡಿಸುವುದು ಸುಲಭವೆಂದು ಹೇಳಲಾರೆ. ನಮ್ಮ ರೈಫಲಿನಲ್ಲಿ ಮುಂದಿನ ಗುರಿಯ ಗುಬ್ಬಿ, ಅಂದರೆ ಫೋರ್‌ಸೈಟ್, ತುದಿಗೆ ಹತ್ತಿರದಲ್ಲೇ ಇದೆ. ಮೊದಲ ಟೋಪಿಯನ್ನು ಕಾಲುಚೀಲದಂತೆ ಎಳೆದುಹಾಕಲು ಹೋಗಿ, ಗುಬ್ಬಿಯ ಮೂಲೆ ತಾಗಿ ಅರ್ಧ ಅಂಗುಲ ಹರಿಯಿತು. ಆಮೇಲೆ ಟೋಪಿಯನ್ನು ಅಂಚಿನವರೆಗೆ ಪೂರ್ತಿ ಮಡಿಸಿಕೊಂಡು, ಅದರ ತುದಿಯನ್ನು ನಳಿಕೆಯ ಬಾಯಿಗೆ ಒತ್ತಿ, ಸುತ್ತನ್ನು ಬಿಚ್ಚುತ್ತಾ ಹಿಂದಕ್ಕೆ ಇಳಿಸಿ, ಗುಬ್ಬಿಗೆ ಒಂದು ಬೆರಳು ಮುಂಚೆಯೇ ನಿಲ್ಲಿಸುವುದನ್ನು ರೂಢಿಸಿಕೊಂಡೆ. ಹೀಗೆ ಹಾಕಿದ್ದು ಜಾರುವುದಿಲ್ಲ. ಇಷ್ಟನ್ನೂ ಮಾಡುವ ಮೊದಲು ಬೋಲ್ಟ್ ತೆರೆದು, ತೋಟಾಗಳು ಕೂರುವ ಮ್ಯಾಗಜೀನ್ ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ನಳಿಕೆಯೊಳಗೆ ಒಮ್ಮೆ ಬೆಳಕು ಹಾಯಿಸಿ ನೋಡಬೇಕು; ಕೊಳೆಯಿರುವ ನಳಿಕೆಗೆ ಟೋಪಿ ಹಾಕಿದರೆ ಕೊಳೆಯನ್ನೇ ಕಾಪಾಡಿದಂತಾಗುತ್ತದೆ.

ಮಳೆಯ ಪರೀಕ್ಷೆ ತಾನಾಗಿಯೇ ಒದಗಿ ಬಂತು. ನಮ್ಮ ಕಡೆ ಮುಂಗಾರು ಮೋಡ ತೋರಿಸಿ ಹೋದರೂ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಕೈಬಿಡುವುದು ಕಡಿಮೆ. ಹಸ್ತ ಮಳೆ ಹಿಡಿದ ಒಂದು ರಾತ್ರಿ ಅಟ್ಟಣೆಯ ಸೋಗೆ ಸೋರಿ, ಕಂಬಕ್ಕೆ ಒರಗಿಸಿದ್ದ ರೈಫಲಿನ ಮೇಲೆ ಬೆಳಗಿನ ಜಾವದವರೆಗೂ ನೀರು ತೊಟ್ಟಿಕ್ಕಿತು. ಬೆಳಿಗ್ಗೆ ಟೋಪಿಯನ್ನು ಕಳಚಿ, ಬಿಳಿ ಹತ್ತಿ ಬಟ್ಟೆಯ ತುಂಡನ್ನು ನಳಿಕೆಯುದ್ದಕ್ಕೂ ಎಳೆದೆ. ಹಿಂದಿನ ದಿನ ಸವರಿದ್ದ ಎಣ್ಣೆಯ ಜಿಡ್ಡು ಬಿಟ್ಟರೆ ಬಟ್ಟೆಗೆ ಏನೂ ಹತ್ತಲಿಲ್ಲ. ಟೋಪಿ ಮುಗಿಯುವ ಜಾಗದಲ್ಲಿ ಮಾತ್ರ ನಳಿಕೆಯ ಹೊರಮೈ ಸುತ್ತ ನೀರಿನ ಗೆರೆ ನಿಂತಿತ್ತು, ಒರೆಸದೆ ಬಿಟ್ಟಿದ್ದರೆ ಎರಡೇ ದಿನಕ್ಕೆ ಅಲ್ಲಿ ಕೆಂಪಾಗುತ್ತಿತ್ತು. ಮಳೆಯಲ್ಲಿ ಈ ಟೋಪಿಗೆ ಪೂರ್ಣ ಅಂಕ ಕೊಡುತ್ತೇನೆ, ಆದರೆ ಒರೆಸುವ ಕೆಲಸ ತಪ್ಪಿತೆಂದು ಯಾರೂ ಭಾವಿಸಬಾರದು.

ಬೇಸಿಗೆಯ ದೂಳಿನಲ್ಲೂ ಅದು ಚೆನ್ನಾಗಿಯೇ ಕೆಲಸ ಮಾಡಿತು. ಹೊಲದ ದಾರಿಯಲ್ಲಿ ಬೈಕಿನಲ್ಲಿ ಹೋಗಿ ಬಂದರೆ ಹುಬ್ಬಿನ ಮೇಲೆ ಕೂರುವಷ್ಟು ಕೆಂಪು ದೂಳು ಟೋಪಿಯ ಮೇಲೂ ಕೂತಿರುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಹಾಕಿಕೊಂಡೇ ಗುಂಡು ಹಾರಿಸಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಬಾಯಿಯ ಹೊರಗೆ ತೆಳುವಾಗಿ ಹೊದಿಸಿದ ಇಂತಹ ಹೊದಿಕೆಯನ್ನು, ಗುಂಡು ತುದಿಗೆ ತಲುಪುವ ಮೊದಲೇ ಅದರ ಮುಂದೆ ನುಗ್ಗುವ ಗಾಳಿ ಹರಿದುಬಿಡುತ್ತದೆ. ಜನವರಿಯಲ್ಲಿ ಅನುಮತಿ ಪಡೆದ ಶೂಟಿಂಗ್ ರೇಂಜೊಂದರಲ್ಲಿ 50 ಮೀಟರ್ ದೂರದ ಗುರಿಗೆ ಟೋಪಿ ಸಹಿತ ಮೂರು, ಟೋಪಿ ಇಲ್ಲದೆ ಮೂರು ಗುಂಡು ಹಾರಿಸಿದೆ. ಆರೂ ಗುಂಡುಗಳು ಅಂಗೈಯಗಲದ ಜಾಗದಲ್ಲೇ ಬಿದ್ದವು, ಯಾವುದು ಯಾವುದರದ್ದೆಂದು ಬೇರ್ಪಡಿಸಲು ನನ್ನಿಂದಾಗಲಿಲ್ಲ. ಟೋಪಿಯ ತುದಿ ದಾಸವಾಳದ ಎಸಳುಗಳಂತೆ ಸೀಳಿಹೋಗಿ, ಅದರ ಬುಡ ನಳಿಕೆಯ ಮೇಲೆಯೇ ಉಳಿದಿತ್ತು. ಆರು ಗುಂಡುಗಳಿಂದ ದೊಡ್ಡ ತೀರ್ಮಾನ ಮಾಡಲಾಗದು, ಆದರೆ ಪ್ರಾಣಕ್ಕೆ ಸಂಚಕಾರ ಬಂದ ಗಳಿಗೆಯಲ್ಲಿ ಟೋಪಿ ತೆಗೆಯಲು ಮರೆತರೆ ಅನಾಹುತವಾಗುವುದಿಲ್ಲವೆಂಬ ಧೈರ್ಯ ಬಂದಿದೆ. ಸಮಯವಿದ್ದಾಗ ತೆಗೆದೇ ಹಾರಿಸಬೇಕು ಎಂಬುದು ನನ್ನ ನಿಲುವು.

ಈ ಮಾತು ಹೊರಗೆ ತೊಡಿಸುವ ತೆಳು ಹೊದಿಕೆಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹಲವರು ನಳಿಕೆಯ ಬಾಯಿಗೆ ಬಟ್ಟೆಯ ಉಂಡೆ, ಜೋಳದ ಬೆಂಡು, ಬಾಟಲಿಯ ಬಿರಡೆ ತುರುಕಿಡುತ್ತಾರೆ. ಒಳಗೆ ಹೋದದ್ದು ಯಾವುದೇ ಆಗಲಿ, ಅದಕ್ಕೂ ಕುಂಬಾರ ಹುಳುವಿನ ಮಣ್ಣಿಗೂ ವ್ಯತ್ಯಾಸವಿಲ್ಲ. ಬಟ್ಟೆ ತೇವ ಹೀರಿಕೊಂಡು ಕ್ರೌನ್‌ಗೆ ಅಂಟಿಸಿಡುತ್ತದೆ, ಮರೆತು ಹಾರಿಸಿದರೆ ನಳಿಕೆ ಉಳಿಯುವುದಿಲ್ಲ. ದಪ್ಪ ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಳವೊಂದನ್ನೂ ತರಿಸಿ ನೋಡಿದ್ದೆ. ಸಾಗಿಸುವಾಗ ಪೆಟ್ಟು ತಡೆಯಲು ಅದು ಸಿಲಿಕೋನಿಗಿಂತ ಉತ್ತಮ; ಆದರೆ ಅದು ಗಾಳಿಗೆ ಹರಿಯುವ ವಸ್ತುವಲ್ಲದ ಕಾರಣ ತೋಟಾ ತುಂಬುವ ಸಂದರ್ಭ ಇರುವ ಕಡೆ ಅದನ್ನು ಬಳಸಬಾರದು. ಎಲೆಕ್ಟ್ರಿಷಿಯನ್ನರ ಕಪ್ಪು ಟೇಪನ್ನು ಬಾಯಿಗೆ ಅಡ್ಡಲಾಗಿ ಒಂದು ತುಂಡು, ಸುತ್ತ ಒಂದು ತುಂಡು ಅಂಟಿಸುವ ಉಪಾಯವೂ ಕೆಲಸಕ್ಕೆ ಬರುತ್ತದೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಏಪ್ರಿಲ್ ಬಿಸಿಲಿಗೆ ಮಾತ್ರ ಅದರ ಅಂಟು ಕರಗಿ ನಳಿಕೆಯ ಮೇಲೆ ಹರಡಿ, ಸೀಮೆಎಣ್ಣೆ ಹಚ್ಚಿ ಉಜ್ಜಬೇಕಾಯಿತು. ಔಷಧದ ಅಂಗಡಿಯಲ್ಲಿ ಸಿಗುವ, ಬೆರಳಿಗೆ ತೊಡುವ ರಬ್ಬರ್ ಚೀಲ ಎಲ್ಲಕ್ಕಿಂತ ಅಗ್ಗ. ಅದು ನೈಸರ್ಗಿಕ ರಬ್ಬರಾದ್ದರಿಂದ ಬಂದೂಕಿನ ಎಣ್ಣೆ ತಗುಲಿದರೆ ಉಬ್ಬಿ ಸಡಿಲವಾಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಒಂದು ರಾತ್ರಿಯ ಕಾವಲಿಗೆ ಸಾಕು, ಒಂದು ವಾರಕ್ಕೆ ಸಾಲದು. ಸಿಲಿಕೋನ್ ಬಿಸಿಲನ್ನು ಚೆನ್ನಾಗಿ ತಡೆದುಕೊಂಡಿತು. ಒಂದೇ ಟೋಪಿ ಮಾರ್ಚಿನಿಂದ ಮೇವರೆಗೆ ಬಿರಿಯದೆ ಉಳಿಯಿತು. ಎಣ್ಣೆ ಹೆಚ್ಚಾಗಿ ಸವರಿದ ಕಡೆ ಅದೂ ಕೊಂಚ ಹಿಗ್ಗಿದಂತೆ ಕಂಡಿತು. ಈಗ ನಳಿಕೆಯ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿಯೇ ತೊಡಿಸುತ್ತೇನೆ.

ಇದರ ದೊಡ್ಡ ಕುಂದು ಬೇರೆಯೇ ಇದೆ, ಅದನ್ನು ಮಾರುವವರು ಹೇಳುವುದಿಲ್ಲ. ಗಾಳಿಯಾಡದಂತೆ ಮುಚ್ಚುವ ವಸ್ತು ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಹೊಲದಿಂದ ತಂದ ತಣ್ಣನೆಯ ರೈಫಲನ್ನು ಒಲೆ ಉರಿಯುವ ಬೆಚ್ಚನೆಯ ಮನೆಯೊಳಗೆ ಇಟ್ಟರೆ, ತಣ್ಣೀರಿನ ಚೊಂಬಿನ ಮೈ ಬೆವರುವಂತೆ ಉಕ್ಕೂ ಬೆವರುತ್ತದೆ. ಹಾಗೆ ಟೋಪಿ ಸಮೇತ ಎರಡು ವಾರ ಪೆಟ್ಟಿಗೆಯಲ್ಲಿಟ್ಟು ತೆಗೆದಾಗ ಬಾಯಿಯಿಂದ ಒಂದು ಅಂಗುಲ ಒಳಗೆ ಸಾಸಿವೆ ಕಾಳಿನಷ್ಟು ಎರಡು ಕೆಂಪು ಚುಕ್ಕೆಗಳು ಕಾಣಿಸಿದವು. ಕಂಚಿನ ಬ್ರಷ್ಷಿಗೂ ಎಣ್ಣೆಗೂ ಅವು ಹೋದವು, ಆದರೆ ಇನ್ನೂ ಒಂದು ತಿಂಗಳು ಬಿಟ್ಟಿದ್ದರೆ ಗುಳಿ ಬೀಳುತ್ತಿತ್ತು. ಮನೆಗೆ ಬಂದೊಡನೆ ಟೋಪಿ ತೆಗೆದು, ನಳಿಕೆ ಮನೆಯ ಕಾವಿಗೆ ಹೊಂದಿಕೊಂಡ ಮೇಲೆ ಒರೆಸಿ, ಎಣ್ಣೆ ಸವರಿ, ಬಾಯಿ ತೆರೆದೇ ಬೀಗದ ಪೆಟ್ಟಿಗೆಯಲ್ಲಿ ಇಡುವುದು ಈಗ ನನ್ನ ಪದ್ಧತಿ. ನಳಿಕೆಯ ಬಾಯಿಯಿಂದ ಕಪ್ಪು ಮದ್ದು ತುಂಬಿ ಹಾರಿಸುವ ಕೇಪಿನ ಕೋವಿ ಇಟ್ಟುಕೊಂಡವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಆ ಮದ್ದಿನ ಮಸಿ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ತೊಳೆಯದ ನಳಿಕೆಗೆ ಟೋಪಿ ತೊಡಿಸಿದರೆ ತುಕ್ಕಿಗೆ ಕಾವು ಕೊಟ್ಟಂತೆ.

ಠೇವಣಿ ಇಡುವ ಸಂದರ್ಭ ಮಾತ್ರ ಇದಕ್ಕೆ ಹೊರತು. ತಿಂಗಳುಗಟ್ಟಲೆ ಕೈಬಿಟ್ಟುಹೋಗುವ ಬಂದೂಕಿನ ಒಳಗನ್ನು ಪೂರ್ತಿ ಒಣಗಿಸಿ, ಎಣ್ಣೆ ತುಸು ಹೆಚ್ಚಾಗಿಯೇ ಸವರಿ, ಟೋಪಿ ಹಾಕಿ, ಟೋಪಿಯಿರುವ ಸಂಗತಿಯನ್ನು ಟ್ರಿಗರ್ ಗಾರ್ಡಿಗೆ ಕಟ್ಟಿದ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೊಡುವುದು ಒಳ್ಳೆಯದು. ಹುಳುವಿನ ಗೂಡಿಗೆ ಹೋಲಿಸಿದರೆ ತುಕ್ಕಿನ ಚುಕ್ಕೆ ಸಣ್ಣ ಕೇಡು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಹೆಸರಿಲ್ಲದ, ಅಳತೆಯಿಲ್ಲದ ಆ ಪ್ಯಾಕೆಟ್ಟಿಗೆ. ಗುಬ್ಬಿಗೆ ತಾಗಿ ಹರಿದದ್ದು ಒಂದು, ರೇಂಜಿನಲ್ಲಿ ಮೂರು, ಬಳಕೆಯಲ್ಲಿ ಸವೆದದ್ದು ಎರಡು ಹೋಗಿ ಇನ್ನೂ ನಾಲ್ಕು ಉಳಿದಿವೆ. ಅವುಗಳಲ್ಲಿ ಒಂದನ್ನು ಈಗಾಗಲೇ ಮಡಿಸಿ, ಲೈಸೆನ್ಸ್ ಪುಸ್ತಕ ಇಡುವ ಕವರಿನೊಳಗೆ ಚೀಟಿ ಮತ್ತು ದಾರದ ಜತೆ ಸೇರಿಸಿಟ್ಟಿದ್ದೇನೆ.