ಲಂಡನ್ನಿನ ನಾಟಕ ನಡಿಗೆ: ಐದಕ್ಕೆ ಮೂರೂವರೆ ಅಂಕ

ಅಳಿಯಂದಿರು ಮೊಬೈಲಿನಲ್ಲೇ ಬುಕ್ ಮಾಡಿಕೊಟ್ಟ ಎರಡು ಗಂಟೆಯ ನಡಿಗೆ. ಶೇಕ್ಸ್‌ಪಿಯರ್ ಕಾಲದ ನಾಟಕಶಾಲೆಗಳಿದ್ದ ಜಾಗಗಳನ್ನು ಸುತ್ತಾಡಿಸುತ್ತಾರೆ. ಕಂಪನಿಯ ಹೆಸರು ಹಾಕುವುದಿಲ್ಲ, ಇಂಥವು ಅಲ್ಲಿ ಬೇಕಾದಷ್ಟಿವೆ.

ಶುರುವಾಗುವುದು ಸೇಂಟ್ ಪಾಲ್ಸ್ ಚರ್ಚಿನ ಅಂಗಳದಿಂದ. ನನಗೆ ಎಲ್ಲಕ್ಕಿಂತ ಹಿಡಿಸಿದ್ದೂ ಈ ಜಾಗವೇ. ಇಲ್ಲಿದ್ದ ಬಯಲು ಪೀಠದ ಮೇಲೆ ನಿಂತು 1577ರಲ್ಲಿ ಥಾಮಸ್ ವೈಟ್ ಎಂಬ ಪಾದ್ರಿ ಲೆಕ್ಕ ಬಿಡಿಸಿದಂತೆ ಹೇಳಿದನಂತೆ: ಪ್ಲೇಗಿಗೆ ಕಾರಣ ಪಾಪ, ಪಾಪಕ್ಕೆ ಕಾರಣ ನಾಟಕ, ಅಲ್ಲಿಗೆ ಪ್ಲೇಗಿಗೆ ಕಾರಣ ನಾಟಕ. ಗುಂಪಿನವರೆಲ್ಲ ನಕ್ಕರು. ನನಗೆ ನಮ್ಮಜ್ಜ ನೆನಪಾದ. ನಾಟಕದವರಿಗೆ ಮನೆ ಬಾಡಿಗೆ ಕೊಡುತ್ತಿರಲಿಲ್ಲ. ಬನಶಂಕರಿ ಜಾತ್ರೆ ಬಂತೆಂದರೆ ಮಾತ್ರ ದಿನಕ್ಕೊಂದು ಕಂಪನಿಯ ಆಟ ನೋಡಿ ಬೆಳಗಿನ ಜಾವ ಬರುತ್ತಿದ್ದ. 1579ರಲ್ಲಿ ನಾಟಕಗಳ ಮೇಲೆ ಹರಿಹಾಯ್ದು ಪುಸ್ತಕ ಬರೆದ ಸ್ಟೀಫನ್ ಗಾಸನ್ ಕೂಡ ಅದಕ್ಕೆ ಮುಂಚೆ ತಾನೇ ನಾಟಕ ಬರೆದಿದ್ದವನು. ಇದನ್ನು ಗೈಡ್ ಹೇಳಲಿಲ್ಲ, ನಾನು ಓದಿಕೊಂಡು ಹೋಗಿದ್ದೆ.

ಸೇತುವೆ ದಾಟಿದರೆ ಥೇಮ್ಸ್ ನದಿಯ ದಕ್ಷಿಣ ದಂಡೆ. ಮೇಯರನ ಮಾತು ನಡೆಯದ ಕಡೆ ಎಂದೇ ನಾಟಕದವರು ಇಲ್ಲಿಗೆ ಬಂದರು. ಅಕ್ಕಪಕ್ಕ ಕರಡಿ ಕಾದಾಟ, ಸೂಳೆಗೇರಿ. ಪಾರ್ಕ್ ಸ್ಟ್ರೀಟಿನಲ್ಲಿ 1587ರ ರೋಸ್ ನಾಟಕಶಾಲೆಯ ಅಡಿಪಾಯ ಆಫೀಸ್ ಕಟ್ಟಡವೊಂದರ ಕೆಳಗಿದೆ. ಶೇಕ್ಸ್‌ಪಿಯರ್ ತಂಡದ ನಾಟಕಶಾಲೆಯಾದ ಹಳೆಯ ಗ್ಲೋಬ್ ಇದ್ದ ಜಾಗದಲ್ಲಿ ಫಲಕ ಬಿಟ್ಟರೆ ನೋಡಲು ಹೆಚ್ಚೇನಿಲ್ಲ.

ಗೈಡ್ ಹುಡುಗ ಒಳ್ಳೆಯ ಮಾತುಗಾರ. ಆದರೆ ನಾಟಕ ಬೇಡವೆಂದವರೆಲ್ಲ ಅವನ ಬಾಯಲ್ಲಿ ವಿದೂಷಕರು. 1633ರಲ್ಲಿ ಸಾವಿರ ಪುಟದ ನಾಟಕನಿಂದೆ ಬರೆದು ಅದರ ಶಿಕ್ಷೆಯಾಗಿ ಕಿವಿ ಕಳೆದುಕೊಂಡ ವಕೀಲ ಪ್ರಿನ್‌ನ ಕಥೆಯನ್ನು ಅಭಿನಯಿಸಿಯೇ ತೋರಿಸಿದ. ಮೇಯರ್ ಮತ್ತು ನಗರಸಭೆಯವರು ನಾಟಕ ನಿಲ್ಲಿಸಿ ಎಂದು 1597ರಲ್ಲಿ ಪ್ರಿವಿ ಕೌನ್ಸಿಲ್‌ಗೆ, ಅಂದರೆ ಅರಸೊತ್ತಿಗೆಯ ಸಲಹಾ ಸಭೆಗೆ, ಬರೆದ ಪತ್ರವೂ ಅವನಿಗೆ ತಮಾಷೆಯೇ. ಅದರಲ್ಲಿ ಕಸುಬು ಕಲಿಯುವ ಹುಡುಗರು ಕೆಲಸ ಬಿಟ್ಟು ಬರುತ್ತಾರೆ, ಕಾಯಿಲೆಯವರು ಗುಂಪಿನಲ್ಲಿ ಸೇರಿ ಸೋಂಕು ಹಬ್ಬಿಸುತ್ತಾರೆ ಎಂಬ ದೂರೂ ಇತ್ತಲ್ಲ! ಕೋವಿಡ್ ಕಂಡವರು ನಗಬಹುದಾದ ಮಾತೇ ಅದು? 1604ರಲ್ಲಿ ಪ್ರಿವಿ ಕೌನ್ಸಿಲ್ಲೇ, ವಾರಕ್ಕೆ ಪ್ಲೇಗಿನ ಸಾವು 30 ದಾಟಿದರೆ ಆಟ ಬೇಡ ಎಂದಿತ್ತು.

ರಾಣಿ ಎಲಿಜಬೆತ್ ನಾಟಕವನ್ನು ಕಾಪಾಡಿದಳೆಂದು ಹೊಗಳಿದ್ದೇ ಹೊಗಳಿದ್ದು. ದೊಡ್ಡ ಮನೆತನದ ಆಸರೆಯಿಲ್ಲದ ನಟರನ್ನು ಅಲೆಮಾರಿಗಳ ಸಾಲಿಗೆ ಸೇರಿಸಿದ 1572ರ ಕಾನೂನು ಯಾರ ಕಾಲದ್ದು ಎಂದು ಕೇಳಿದೆ. ‘ಒಳ್ಳೆಯ ಪ್ರಶ್ನೆ’ ಎಂದು ಮುಂದಕ್ಕೆ ನಡೆದ. ಕ್ರಿಸ್‌ಮಸ್‌ಗೆ ಅರಮನೆಯಲ್ಲಿ ಆಟವಾಗಬೇಕು, ಅದಕ್ಕೆ ನಟರಿಗೆ ಊರಲ್ಲಿ ತಾಲೀಮು ಆಗಲಿ ಎಂಬುದೇ ನಾಟಕಕ್ಕೆ ಅನುಮತಿ ಇರಲಿ ಎನ್ನಲು ಆಸ್ಥಾನದವರು ಕೊಡುತ್ತಿದ್ದ ಕಾರಣ. 1642ರಲ್ಲಿ ಪಾರ್ಲಿಮೆಂಟು ನಾಟಕ ನಿಲ್ಲಿಸಿದ್ದನ್ನು ಅರ್ಧ ನಿಮಿಷದಲ್ಲಿ ಮುಗಿಸಿದ, ಮಳೆ ಶುರುವಾಗಿತ್ತು.

ನಡಿಗೆ ಮುಗಿಯುವುದು 1997ರಲ್ಲಿ ತೆರೆದ ಹೊಸ ಗ್ಲೋಬ್ ಎದುರಿಗೆ. ಒಳಗೆ ಹೋಗಲು ಬೇರೆ ಟಿಕೆಟ್. ನಾನು ಸಂಜೆಯ ಆಟಕ್ಕೆ ಅಂಗಳದ ಟಿಕೆಟ್ ತೆಗೆದುಕೊಂಡೆ, ನಮ್ಮ ಗಾಂಧಿ ಕ್ಲಾಸ್ ಇದ್ದಂತೆ. ವ್ಯತ್ಯಾಸವೆಂದರೆ ಕೂರುವಂತಿಲ್ಲ, ಕೊಡೆಯನ್ನೂ ಬಿಡಿಸುವಂತಿಲ್ಲ. ಮೊಣಕಾಲು ನೋವಿನವರು ದುಡ್ಡು ಹೋದರೂ ಸರಿ, ಮೇಲಿನ ಬೆಂಚಿನ ಟಿಕೆಟ್ಟನ್ನೇ ತೆಗೆದುಕೊಳ್ಳಿ.